ಕೇಳಿಸ್ತಾ ಇದೆಯಾ, ಮಕ್ಕಳೇ?

(ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ಶೆಟ್ಟಿಹಳ್ಳಿಯಲ್ಲಿ ನಿಂತು ಆನ್‌ಲೈನ್ ಪಾಠದ ಮಾತೆತ್ತಿದರೆ ನನಗೆ ಮೊದಲು ನೆನಪಾಗುವುದು ಗುಬ್ಬಿ. ಇಲ್ಲಿಂದ ಅದೇನು ದೂರವಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ತಿರುಗಿತು. ಹಾಡು ಜನಕ್ಕೆ ಹಿಡಿಸಿತೋ ಇಲ್ಲವೋ ಅನ್ನುವುದು ಕಂಪನಿ ನಟನಿಗೆ ಆ ಗಳಿಗೆಯಲ್ಲೇ ಗೊತ್ತಾಗುತ್ತಿತ್ತು. ಹಿಡಿಸಿದರೆ ‘ಒನ್ಸ್ ಮೋರ್’, ಇಲ್ಲದಿದ್ದರೆ ಕೆಮ್ಮು, ಗುಸುಗುಸು. ಮೇಷ್ಟರೂ ಹಾಗೇ ಬದುಕಿದವರು. ಹಿಂದಿನ ಬೆಂಚಿನ ಆಕಳಿಕೆ ನೋಡಿಯೇ ಲೆಕ್ಕವನ್ನು ಇನ್ನೊಂದು ಸಲ ಬಿಡಿಸುತ್ತಿದ್ದರು. 2020ರಲ್ಲಿ ಆ ಬೆಂಚುಗಳು ಹೋಗಿ ಪರದೆಯ ಮೇಲೆ ಕಪ್ಪು ಚೌಕಗಳು ಬಂದವು. ‘ಕೇಳಿಸ್ತಾ ಇದೆಯಾ?’ ಅಂದೆವು. ‘ಹೂಂ ಸಾರ್’ ಬಂತು. ‘ಅರ್ಥ ಆಯ್ತಾ?’ ಅಂದೆವು. ಅದಕ್ಕೂ ‘ಹೂಂ ಸಾರ್.’

ಕೊರೊನಾ ಹೋಯಿತು, ಈ ಪಾಠ ಹೋಗಲಿಲ್ಲ. ನೀಟ್ ತರಬೇತಿ, ಸಂಜೆಯ ಟ್ಯೂಷನ್, ಶಿಕ್ಷಕರ ತರಬೇತಿ ಎಂದು ಅದು ಮನೆ ಮಾಡಿಕೊಂಡಿದೆ. ಹಾಗಾಗಿ ಅದನ್ನು ಬಯ್ಯುವುದಕ್ಕಿಂತ ಸರಿಯಾಗಿ ಮಾಡುವುದು ಹೇಗೆ ಎಂದು ನೋಡುವುದು ಲೇಸು.

ದೂರದಿಂದ ಪಾಠ ಹೇಳುವುದು ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು; ನಮ್ಮಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. 2004ರಲ್ಲಿ ಇಸ್ರೊ ಎಜುಸ್ಯಾಟ್ ಹಾರಿಸಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. 2020ರ ಜುಲೈಯಲ್ಲಿ ಚಂದನ ವಾಹಿನಿ ಸೇತುಬಂಧ ಪಾಠಗಳನ್ನು ಬಿತ್ತರಿಸಿತು. ಟಿವಿ ಪಾಠದಲ್ಲಿ ಮೇಷ್ಟರು ಹೇಳುತ್ತಾರೆ, ಮಗು ಕೇಳುತ್ತದೆ. ಮಗು ಬಾಯಿ ಬಿಟ್ಟರೆ ಕೇಳುವವರಿಲ್ಲ. ವಿಡಿಯೊ ಸಭೆಯ ಹೆಚ್ಚುಗಾರಿಕೆ ಇರುವುದು ಇಲ್ಲೇ: ಮಗು ತಿರುಗಿ ಮಾತಾಡಬಹುದು. ಅದನ್ನು ಕೈಗೆ ಕೊಟ್ಟಮೇಲೂ ನಾವು ಎಲ್ಲರನ್ನೂ ಮ್ಯೂಟ್ ಮಾಡಿ ನಲವತ್ತು ನಿಮಿಷ ಒಬ್ಬರೇ ಮಾತಾಡುತ್ತೇವೆ. ಮತ್ತೆ ಟಿವಿಯನ್ನೇ ಮಾಡಿದ ಹಾಗಾಯಿತು, ಅದೂ ಚಂದನಕ್ಕಿಂತ ಮಸುಕಾದ ಟಿವಿ.

ಮೇರಿ ಬಡ್ ರೋವ್ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣ ಮಾಡಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂದು ಎಪ್ಪತ್ತರ ದಶಕದಲ್ಲಿ ಅಳೆದರು. ಸುಮಾರು ಒಂದು ಸೆಕೆಂಡು! ಅಷ್ಟರಲ್ಲಿ ಉತ್ತರ ಬಾರದಿದ್ದರೆ ಬೇರೆಯವರನ್ನು ಕೇಳುತ್ತಿದ್ದರು, ಇಲ್ಲವೇ ತಾವೇ ಹೇಳಿಬಿಡುತ್ತಿದ್ದರು. ಮೂರು ಸೆಕೆಂಡು ಕಾದ ತರಗತಿಗಳಲ್ಲಿ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ದಡ್ಡರೆಂದು ಲೆಕ್ಕದಿಂದ ಬಿಟ್ಟ ಮಕ್ಕಳೂ ಬಾಯಿ ಬಿಟ್ಟರು. ಇದು ಎದುರೆದುರು ಕೂತ ತರಗತಿಯ ಮಾತು. ಮುಖಾಮುಖಿ ಸಂಭಾಷಣೆಯಲ್ಲಿ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ನಡುವಿನ ಬಿಡುವು ಸೆಕೆಂಡಿನ ಐದನೇ ಒಂದು ಭಾಗದಷ್ಟು. ನೆಟ್‌ವರ್ಕ್ ಸೊರಗಿದಾಗ ದನಿ ಹೋಗಿ ಬರುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅದರ ಮೇಲೆ ಮಗು ಅನ್‌ಮ್ಯೂಟ್ ಗುಂಡಿ ಹುಡುಕಬೇಕು, ಪಕ್ಕದಲ್ಲಿ ಕುಕ್ಕರ್ ಕೂಗುತ್ತಿದ್ದರೆ ಅದು ನಿಲ್ಲಬೇಕು. ಹಾಗಾಗಿ ಪರದೆಯ ಮುಂದೆ ಮೂರು ಸೆಕೆಂಡು ಸಾಲದು. ಹತ್ತರವರೆಗೆ ಮನಸ್ಸಿನಲ್ಲೇ ಎಣಿಸಿ. ಎಣಿಸುವಾಗ ಹಿಂಸೆಯಾಗುತ್ತದೆ, ನಿಜ. ಮೌನ ಕಂಡರೆ ಮೇಷ್ಟರಿಗೆ ಆಗಿಬರುವುದಿಲ್ಲ.

ಪ್ರಶ್ನೆಯೂ ಬದಲಾಗಬೇಕು. ‘ಅರ್ಥ ಆಯ್ತಾ’ ಎಂಬುದಕ್ಕೆ ಒಂದೇ ಉತ್ತರವಿದೆ. ಅದರ ಬದಲು ‘ಮೂರನೇ ಹಂತದಲ್ಲಿ ಮೈನಸ್ ಎಲ್ಲಿ ಹೋಯಿತು? ನೋಟ್‌ಬುಕ್ಕಿನಲ್ಲಿ ಬರೆದು ಕ್ಯಾಮೆರಾಕ್ಕೆ ಹಿಡಿಯಿರಿ’ ಅನ್ನಿ. ಎಲ್ಲರೂ ಬರೆಯುವತನಕ ಯಾರ ಉತ್ತರವನ್ನೂ ಓದಬೇಡಿ. ಚಾಟ್‌ನಲ್ಲಿ ಬರೆಸುವುದಾದರೂ ‘ಟೈಪ್ ಮಾಡಿ ಇಟ್ಟುಕೊಳ್ಳಿ, ಹೇಳಿದಾಗ ಒಟ್ಟಿಗೆ ಕಳಿಸಿ’ ಅನ್ನಬೇಕು. ಇಲ್ಲದಿದ್ದರೆ ಮೊದಲ ಜಾಣನ ಉತ್ತರವನ್ನೇ ಉಳಿದವರೆಲ್ಲ ನಕಲು ಮಾಡುತ್ತಾರೆ.

ಮುಖ ತೋರಿಸಲೇಬೇಕೆಂಬ ಹಟ ನನಗೆ ಒಪ್ಪಿಗೆಯಿಲ್ಲ. ತನ್ನ ಮುಖವನ್ನೇ ಸದಾ ನೋಡುತ್ತಿರುವುದು, ಹತ್ತಾರು ಕಣ್ಣು ಹತ್ತಿರದಿಂದ ದಿಟ್ಟಿಸಿದಂತಾಗುವುದು, ಅಲುಗಾಡದೆ ಕೂರುವುದು ಇವೆಲ್ಲ ವಿಡಿಯೊ ಸಭೆಯ ಆಯಾಸಕ್ಕೆ ಕಾರಣವೆಂದು ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವಾದಿಸಿದರು. ಒಂದೇ ಕೋಣೆಯ ಮನೆಯ ಮಗುವಿಗೆ ಇದರ ಮೇಲೆ ನಾಚಿಕೆಯೂ ಸೇರುತ್ತದೆ. ಡೇಟಾ ಕಡಿಮೆಯಿದ್ದರೆ ಚಿತ್ರ ಬಿಡಿ, ದನಿ ಉಳಿಸಿಕೊಳ್ಳಿ. ದನಿ ಕೇಳುವುದಕ್ಕೆ ಚಿತ್ರಕ್ಕೆ ಬೇಕಾಗುವ ಡೇಟಾದಲ್ಲಿ ಒಂದು ಸಣ್ಣ ಪಾಲು ಸಾಕು. ಮೇಷ್ಟರು ಬೆಲೆಬಾಳುವ ಕ್ಯಾಮೆರಾ ಕೊಳ್ಳುವ ಬದಲು ಬಾಯಿಗೆ ಹತ್ತಿರದ ಒಂದು ಮೈಕ್ ಕೊಳ್ಳಲಿ, ಫ್ಯಾನ್ ಆರಿಸಲಿ.

ಸಮಯದ ವಿಚಾರಕ್ಕೆ ಬಂದರೆ, ಕೇಂದ್ರದ ಪ್ರಜ್ಞಾತ ಮಾರ್ಗಸೂಚಿ 2020ರಲ್ಲೇ ಎಂಟನೇ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಪಾಠಗಳಷ್ಟೇ ಎಂದಿತ್ತು. ಅದಕ್ಕಿಂತ ಹೆಚ್ಚು ಬೇಕಿಲ್ಲ.

ಇನ್ನು ಪಾಠವೇ ತಲುಪದ ಮಕ್ಕಳ ವಿಚಾರ. 2021ರ ಮಾರ್ಚ್‌ನಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ಮಕ್ಕಳ ಕಲಿಕೆ ಅಳೆದ ಅಸರ್ ಸಮೀಕ್ಷೆ ನೆನಪಿರಬಹುದು. ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ. 19.2 ಇದ್ದವರು ಶೇ. 9.8ಕ್ಕೆ ಇಳಿದಿದ್ದರು. ಇದನ್ನೆಲ್ಲ ಆನ್‌ಲೈನ್ ಪಾಠದ ತಲೆಗೆ ಕಟ್ಟುವುದು ಅನ್ಯಾಯ. ಎಷ್ಟೋ ಮಕ್ಕಳಿಗೆ ಆ ಪಾಠವೂ ಸಿಗಲಿಲ್ಲ. 2020ರ ಆಗಸ್ಟ್‌ನಲ್ಲಿ ಬಂದ ರಾಜ್ಯ ಸರ್ಕಾರದ ವಿದ್ಯಾಗಮ ಯೋಜನೆ ಇದನ್ನು ಸರಿಯಾಗಿಯೇ ಗ್ರಹಿಸಿತ್ತು. ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನಿನವರು, ಇಂಟರ್ನೆಟ್ ಇರುವವರು ಎಂದು ಮಕ್ಕಳನ್ನು ಮೂರು ಕಾಲ್ಪನಿಕ ಕೊಠಡಿಗಳಲ್ಲಿ ಇಟ್ಟು, ಮೇಷ್ಟರನ್ನೇ ವಠಾರಕ್ಕೆ, ಗುಡಿಯ ಜಗಲಿಗೆ, ಮರದಡಿಗೆ ಕಳಿಸಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು.

ಆ ಮೂರು ಕೊಠಡಿ ಇವತ್ತಿಗೂ ಇವೆ. ಅಪ್ಪನ ಜೇಬಿನಲ್ಲಿ ಫೋನು ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಇಟ್ಟ ಪಾಠಕ್ಕೆ ಆ ಮಗು ಗೈರುಹಾಜರಿ. ಪಾಠದ ಹೊತ್ತು ನಿಗದಿ ಮಾಡುವ ಮುಂಚೆ ಫೋನು ಯಾವಾಗ ಮನೆಯಲ್ಲಿರುತ್ತದೆ ಎಂದು ತರಗತಿಯ ಎಲ್ಲ ಮಕ್ಕಳನ್ನೂ ವಿಚಾರಿಸಿ, ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಬರೆದುಕೊಳ್ಳಿ. ಯಾವ ಹೊತ್ತೂ ಹೊಂದದ ಮಕ್ಕಳು ಉಳಿದರೆ ವಾರಕ್ಕೊಮ್ಮೆ ಅವರ ಮನೆಗೆ ಸಾದಾ ಕರೆ ಮಾಡಿ, ಒಂದು ಲೆಕ್ಕ ಬಾಯಲ್ಲೇ ಬಿಡಿಸಿ ಹೇಳಲು ಕೇಳಿ. ಆಗಲೂ ಹತ್ತರವರೆಗೆ ಕಾಯಿರಿ.