ಕಣ್ಣಿಗೆ ಕಾಣದ ಅಂಗವೈಕಲ್ಯ ಮತ್ತು ಪೋಷಕರ ಮಾತಿನ ಬೆಲೆ



ಮಕ್ಕಳನ್ನು ಸಾಕುತ್ತಿರುವ ತಾಯಿಗೋ ತಂದೆಗೋ ಇರುವ ಅಂಗವೈಕಲ್ಯವು ಹೊರನೋಟಕ್ಕೆ ಕಾಣದಿದ್ದಾಗ ಸರ್ಕಾರಿ ವ್ಯವಸ್ಥೆ ಅವರ ಮಾತಿಗೆ ಎಷ್ಟು ಬೆಲೆ ಕೊಡುತ್ತದೆ ಎಂಬುದು ಪಿಲ್ಲಗುಂಪೆಯಲ್ಲಿ ಸೇರಿರುವ ಈ ಸಮಾವೇಶದ ವಿಷಯ. ಕಾಣದ ಅಂಗವೈಕಲ್ಯವೆಂದರೆ ಊರುಗೋಲಾಗಲಿ ಗಾಲಿಕುರ್ಚಿಯಾಗಲಿ ಸಾಕ್ಷಿ ಹೇಳದ ಸ್ಥಿತಿ. ದೀರ್ಘಕಾಲದ ಮಾನಸಿಕ ಕಾಯಿಲೆ, ಅರೆಬರೆ ಕಿವುಡು, ಆಟಿಸಂ, ಕಲಿಕಾ ನ್ಯೂನತೆ, ಹಿಮೋಫಿಲಿಯಾ, ನರಗಳ ಹೊದಿಕೆ ಸವೆಯುವ ಮಲ್ಟಿಪಲ್ ಸ್ಕ್ಲೆರೋಸಿಸ್ ಮುಂತಾದವು ಈ ಬಗೆಯವು. ಇಂಥ ತಾಯಿಯೊಬ್ಬಳು ನೆರವು ಕೇಳಿಕೊಂಡು ಕಚೇರಿಗೆ ಹೋದರೆ 'ನೋಡೋಕೆ ಚೆನ್ನಾಗೇ ಇದ್ದೀಯಲ್ಲಮ್ಮ' ಎಂಬ ಮಾತು ಎದುರಾಗುತ್ತದೆ. ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆ ಎದ್ದಾಗಲಾದರೋ, ಯಾರೂ ನಂಬದಿದ್ದ ಅದೇ ಕಾಯಿಲೆಯ ಹೆಸರು ಅವಳಿಂದ ಮಗು ಸಾಕಲಾಗದು ಎಂಬುದಕ್ಕೆ ಪುರಾವೆಯಾಗಿಬಿಡುತ್ತದೆ. ಕೊಡಬೇಕಾದಲ್ಲಿ ನಂಬದ, ಕಿತ್ತುಕೊಳ್ಳಬಹುದಾದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನಂಬುವ ಈ ವೈಪರೀತ್ಯವನ್ನು ಬಿಡಿಸಿ ನೋಡದೆ ಕೇವಲ ಸಿಬ್ಬಂದಿಯ ನಡವಳಿಕೆಯನ್ನು ದೂರುವುದರಿಂದ ಪ್ರಯೋಜನವಿಲ್ಲ.

ಕಾನೂನು ಈ ಮೂವತ್ತು ವರ್ಷಗಳಲ್ಲಿ ಸಾಕಷ್ಟು ದೂರ ಸಾಗಿದೆ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆ ಸಂಖ್ಯೆಯನ್ನು 21ಕ್ಕೆ ಏರಿಸಿತು, ಮತ್ತು ಹೊಸದಾಗಿ ಸೇರಿದವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣದವೇ. ಆದರೂ ಪಟ್ಟಿಯ ಹೊರಗೆ ಉಳಿದವರು ಕಡಿಮೆಯಿಲ್ಲ. ಜನರ ಮಾತಿನಲ್ಲಿ ಫಿಟ್ಸ್ ಎನ್ನಿಸಿಕೊಳ್ಳುವ ಮೂರ್ಛೆರೋಗ ಅದರಲ್ಲಿಲ್ಲ, ಕೀಲುಗಳನ್ನು ಹಿಂಡುವ ಸಂಧಿವಾತವಿಲ್ಲ, ವರ್ಷಗಟ್ಟಲೆ ಬಿಡದ ಮೈನೋವೂ ಇಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ನಮೂದಾಗಿದ್ದ ಮೂರ್ಛೆರೋಗವನ್ನು ಸಂಸತ್ತು 1999ರಲ್ಲಿ ತೆಗೆದುಹಾಕಿ ಮೆಚ್ಚುವ ಕೆಲಸವನ್ನೇ ಮಾಡಿತು. ಹಾಗೆ ಮದುವೆಯಾಗಿ ಮಕ್ಕಳನ್ನು ಹೆತ್ತವರಿಗೆ ನೆರವಿನ ಪಟ್ಟಿಯಲ್ಲಿ ಜಾಗ ಕೊಡುವುದು ಮಾತ್ರ 2016ರಲ್ಲೂ ಅದಕ್ಕೆ ಹೊಳೆಯಲಿಲ್ಲ.

ಪಟ್ಟಿಯೊಳಗೆ ಇರುವವರನ್ನು ಅಳೆಯುವ ಬಗೆಯನ್ನೂ ಹತ್ತಿರದಿಂದ ನೋಡಬೇಕು. ಮಾನಸಿಕ ಕಾಯಿಲೆಯಿಂದಾದ ಅಂಗವೈಕಲ್ಯಕ್ಕೆ ವೈದ್ಯರು ಬಳಸುವುದು 'ಐಡಿಯಾಸ್' ಎಂಬ ಮಾಪನ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ವಿಭಾಗಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು, ಕಾಯಿಲೆ ಎಷ್ಟು ವರ್ಷಗಳಿಂದ ಇದೆ ಎಂಬುದಕ್ಕೆ ಇನ್ನಷ್ಟು ಅಂಕ ಸೇರಿಸಿ, ಒಟ್ಟು 20ರಲ್ಲಿ 7 ಬಂದರೆ ಶೇ. 40 ಎಂದು ಲೆಕ್ಕ ಹಿಡಿಯುತ್ತಾರೆ. ಕಾಯ್ದೆ 'ಗೊತ್ತುಪಡಿಸಿದ ಪ್ರಮಾಣದ ಅಂಗವೈಕಲ್ಯ' ಎನ್ನುವುದು ಈ ಶೇ. 40ನ್ನೇ, ಮೀಸಲಾತಿಯಂಥ ಸೌಲಭ್ಯಗಳ ಬಾಗಿಲೂ ಅದೇ. ಗೃಹಿಣಿಯ ದುಡಿಮೆಯನ್ನು ಮನೆಗೆಲಸದ ಲೆಕ್ಕದಲ್ಲಿ ಅಳೆಯಲು ಈ ಮಾಪನದಲ್ಲಿ ಅವಕಾಶವಿದೆಯಾದರೂ, ಮಗುವನ್ನು ಸಾಕುವುದೆಂಬ ಪ್ರತ್ಯೇಕ ವಿಭಾಗವೇ ಅಲ್ಲಿಲ್ಲ. ಹೀಗಾಗಿ ಬೆಳಗಿನ ಹೊತ್ತು ಹಾಸಿಗೆ ಬಿಟ್ಟು ಏಳಲು ಹೆಣಗುತ್ತಲೇ ಮಗುವಿಗೆ ತಲೆ ಬಾಚಿ, ಬುತ್ತಿ ಕಟ್ಟಿ, ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದು ಉಳಿದ ಇಡೀ ದಿನ ಮಲಗಿಬಿಡುವ ತಾಯಿ, ತಲೆ ಬಾಚಿದ್ದನ್ನೂ ಬುತ್ತಿ ಕಟ್ಟಿದ್ದನ್ನೂ ನಿಜವಾಗಿ ಹೇಳಿದಷ್ಟೂ ತನ್ನ ಅಂಕಗಳನ್ನು ತಾನೇ ಕಳೆದುಕೊಳ್ಳುತ್ತಾಳೆ; ಮಲಗಿದ್ದನ್ನು ಹೇಳಿದರೆ ಮುಂದೊಂದು ದಿನ ಅದೇ ಕಾಗದ ಕುಟುಂಬ ನ್ಯಾಯಾಲಯದಲ್ಲಿ ಅವಳ ಎದುರಿಗೇ ಬಂದು ನಿಲ್ಲಬಹುದು.

ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಂಥ ಕಡೆ ಇದಕ್ಕೆ ದುಡಿಮೆಯ ಇನ್ನೊಂದು ಮಗ್ಗುಲಿದೆ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆ, 34 ದೀರ್ಘಕಾಲದ ಕಾಯಿಲೆಗಳಿಗೆ ಸರಾಸರಿ ಕೂಲಿಯ ಶೇ. 80ನ್ನು ಎರಡು ವರ್ಷದವರೆಗೆ ಕೊಡುವ ವಿಸ್ತೃತ ಅನಾರೋಗ್ಯ ಭತ್ಯೆಯನ್ನು ಹೊಂದಿದ್ದು, ಸ್ಕಿಜೋಫ್ರೇನಿಯಾ ಕೂಡ ಆ ಪಟ್ಟಿಯಲ್ಲಿದೆ. ಭತ್ಯೆ ಇರುವುದು ದೊಡ್ಡದೇ. ಆದರೆ ಅದನ್ನು ಪಡೆಯಬೇಕಾದರೆ ಕಾಯಿಲೆಯ ಹೆಸರು ಸೂಪರ್‌ವೈಸರನ ಕಿವಿಗೂ, ಅಲ್ಲಿಂದ ಬಾಡಿಗೆ ಮನೆಯ ಓಣಿಗೂ ತಲುಪೀತೆಂಬ ಭಯದಿಂದ ಎಷ್ಟೋ ಮಂದಿ ಅರ್ಜಿಯನ್ನೇ ಹಾಕುವುದಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚೆಂದು ವೈದ್ಯರು ರಾತ್ರಿ ಪಾಳಿ ಬೇಡವೆಂದು ಬರೆದುಕೊಟ್ಟ ಚೀಟಿ ಪಾಳಿ ಹಂಚುವವರ ಕೈಯಲ್ಲಿ ನೆಪವಾಗಿಯೇ ಕಾಣುವುದಕ್ಕೆ ಇದೂ ಒಂದು ಕಾರಣ: ಅದುವರೆಗೆ ಗುಟ್ಟಾಗಿದ್ದದ್ದು ಒಮ್ಮೆಲೇ ಹೊರಬಿದ್ದಾಗ ಯಾರಿಗೂ ನಿಜವೆನಿಸುವುದಿಲ್ಲ.

ಮೂರ್ಛೆರೋಗವಿರುವ ತಾಯಿಗೆ ವೈದ್ಯರು ಕೊಡುವ ಸಲಹೆಗಳು ಸರಳವಾದವು. ಮಗುವಿಗೆ ಹಾಲೂಡಿಸುವುದೂ ಬಟ್ಟೆ ಬದಲಿಸುವುದೂ ನೆಲದ ಮೇಲೆ ಕೂತೇ ಆಗಬೇಕು, ಮಂಚ ಬೇಡ. ಮನೆಯಲ್ಲಿ ಇನ್ನೊಬ್ಬರಿಲ್ಲದಾಗ ಮಗುವಿಗೆ ನೀರು ಹಾಕಬಾರದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಇವನ್ನೆಲ್ಲ ಚಾಚೂತಪ್ಪದೆ ಪಾಲಿಸುವವಳ ಮನೆಗೆ ವಿಷಯ ತಿಳಿಯದ ಅಧಿಕಾರಿ ಬಂದರೆ ಅವರ ಕಣ್ಣಿಗೆ ಬೀಳುವುದು ನೆಲದ ಮೇಲೆ ಮಲಗಿಸಿದ, ಎರಡು ದಿನದಿಂದ ಸ್ನಾನ ಕಾಣದ ಕೂಸು. ಎಚ್ಚರಿಕೆಯೇ ನಿರ್ಲಕ್ಷ್ಯವೆಂದು ದಾಖಲಾಗುವುದು ಹೀಗೆ. 2015ರ ಬಾಲನ್ಯಾಯ ಕಾಯ್ದೆಯು ಪೋಷಕರು ಪಾಲನೆಗೆ 'ಅನರ್ಹರು ಅಥವಾ ಅಶಕ್ತರು' ಎಂದು ಮಕ್ಕಳ ಕಲ್ಯಾಣ ಸಮಿತಿಗೆ ಕಂಡುಬಂದರೆ ಅಂಥ ಮಗುವನ್ನು ರಕ್ಷಣೆ ಬೇಕಾದ ಮಗುವೆಂದು ಪರಿಗಣಿಸಲು ಅನುವು ಮಾಡಿಕೊಡುತ್ತದೆ. ಅದರ ಮರುವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆಯ 9ನೆಯ ಕಲಮು, ಅಂಗವಿಕಲ ಮಗುವನ್ನು ಅಂಗವೈಕಲ್ಯದ ಕಾರಣಕ್ಕೆ ನ್ಯಾಯಾಲಯದ ಆದೇಶವಿಲ್ಲದೆ ತಂದೆತಾಯಿಯಿಂದ ಬೇರ್ಪಡಿಸಬಾರದೆನ್ನುತ್ತದೆ; ಅಂಗವೈಕಲ್ಯ ತಾಯಿಗೋ ತಂದೆಗೋ ಇದ್ದಾಗ ಏನೆಂಬುದನ್ನು ಆ ಕಲಮು ಹೇಳುವುದಿಲ್ಲ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೆಯ ವಿಧಿಯಾದರೋ ಮಗುವಿನ ಅಂಗವೈಕಲ್ಯವನ್ನೂ ಪೋಷಕರ ಅಂಗವೈಕಲ್ಯವನ್ನೂ ಒಟ್ಟಿಗೇ ಹೆಸರಿಸಿ, ಎರಡರಲ್ಲಿ ಯಾವುದೂ ಬೇರ್ಪಡಿಸುವುದಕ್ಕೆ ಕಾರಣವಾಗಕೂಡದೆಂದು ಸಾರಿದೆ. ಅನುಮೋದನೆಗೂ ಕಲಮಿಗೂ ನಡುವೆ ಉಳಿದ ಈ ಬಿರುಕು ಚಿಕ್ಕದಲ್ಲ.

ನಂಬಿಕೆಗೆ ನೋಟದ ಬದಲು ಒಡನಾಟವನ್ನು ಆಧಾರವಾಗಿ ಇಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗು ವಾರ್ಡನ್ನು ತೆರೆದು, ಹೆರಿಗೆಯ ನಂತರ ತೀವ್ರ ಮಾನಸಿಕ ಕಾಯಿಲೆಗೆ ತುತ್ತಾದ ಬಾಣಂತಿಯನ್ನು ಕೂಸಿನೊಡನೆಯೇ ದಾಖಲಿಸಿಕೊಳ್ಳತೊಡಗಿತು. ಚಿಕಿತ್ಸೆ ನಡೆಯುವಾಗ ತಾಯಿ ಕೂಸನ್ನು ಹೇಗೆ ಎತ್ತಿಕೊಳ್ಳುತ್ತಾಳೆ, ಅದು ಅತ್ತಾಗ ಏನು ಮಾಡುತ್ತಾಳೆ, ಎಲ್ಲಿ ಕೈಸೋಲುತ್ತಾಳೆ ಎಂಬುದು ದಿನದಿನವೂ ಕಣ್ಣೆದುರಿಗಿರುವುದರಿಂದ ಅವಳ ಸಾಮರ್ಥ್ಯದ ಬಗ್ಗೆ ಊಹೆಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಮು ಇದೇ ದಿಕ್ಕಿನಲ್ಲಿ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು, ಅಪಾಯವಿದ್ದು ಬೇರ್ಪಡಿಸಿದರೂ ಆ ನಿರ್ಧಾರವನ್ನು ಹದಿನೈದು ದಿನಕ್ಕೊಮ್ಮೆ ಪರಿಶೀಲಿಸಬೇಕು ಎಂದು ವಿಧಿಸಿದೆ. ಆಸ್ಪತ್ರೆಯೊಳಗೆ ಇರುವ ಈ ಪರಿಶೀಲನೆ ಆಸ್ಪತ್ರೆಯಿಂದ ಊರಿಗೆ ಮರಳಿದವಳಿಗೆ ಯಾಕಿರಬಾರದು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಅಧಿಕಾರಿಗಳ ಸಂಶಯಕ್ಕೆ ಆಧಾರವೇ ಇಲ್ಲವೆನ್ನುವುದು ಸರಿಯಾಗದು. ಸುಳ್ಳು ಪ್ರಮಾಣಪತ್ರಗಳ ಹಾವಳಿ ಇದ್ದೇ ಇದೆ, ಮತ್ತು ಸುಳ್ಳಿಗೆ ಸಹಿ ಹಾಕಿದರೆ ಸಿಕ್ಕಿಬೀಳುವವರು ಅವರೇ. ಆದರೆ ಸೌಲಭ್ಯಕ್ಕೆ ಬೇಕಾದ ಪುರಾವೆ ಬೇರೆ, ಹೊಂದಾಣಿಕೆಗೆ ಬೇಕಾದ ಪುರಾವೆ ಬೇರೆ. ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು, ವಿವೇಚನೆಯ ಹೊಂದಾಣಿಕೆ, ಅಂದರೆ ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ ವ್ಯವಸ್ಥೆಯನ್ನು ಆ ವ್ಯಕ್ತಿಗೆ ತಕ್ಕಂತೆ ಮಾರ್ಪಡಿಸುವುದು, ಶೇ. 40ನ್ನು ದಾಟಿದವರಿಗೆ ಮಾತ್ರ ಮೀಸಲಲ್ಲ ಎಂದು ತೀರ್ಪಿತ್ತಿತು. ಪೋಷಕರ ಸಭೆಯಲ್ಲಿ ಶಿಕ್ಷಕರು ಬೋರ್ಡಿನ ಕಡೆ ತಿರುಗದೆ ಮುಖ ಕೊಟ್ಟು ಮಾತಾಡಬೇಕೆಂದು ಕಿವಿ ಮಂದವಾದ ತಂದೆ ಕೇಳಿದರೆ ಅದಕ್ಕೆ ವೈದ್ಯಕೀಯ ಮಂಡಳಿಯ ಮೊಹರು ಯಾಕೆ? ಇದೇ ಜಿಲ್ಲೆಯ ದೇವನಹಳ್ಳಿಯಲ್ಲಿರುವ ಕೆಂಪೇಗೌಡ ವಿಮಾನ ನಿಲ್ದಾಣ 2023ರಲ್ಲಿ ಸೂರ್ಯಕಾಂತಿ ಪಟ್ಟಿಯ ಪದ್ಧತಿಯನ್ನು ತಂದಿತು. 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದ ಆ ಪದ್ಧತಿಯ ಮೂಲ ರೂಪದಲ್ಲಿ, ಕಾಣದ ಅಂಗವೈಕಲ್ಯವಿರುವವರು ಕೊರಳಿಗೆ ಹಾಕಿಕೊಳ್ಳುವ ಹಸಿರು ಪಟ್ಟಿಯನ್ನು ಅವರ ಮಾತಿನ ಮೇಲೆಯೇ ಕೊಡಲಾಗುತ್ತದೆ. ವಿಮಾನ ಹತ್ತುವವರ ಮಾತಿಗೆ ಸಲ್ಲುವ ಮರ್ಯಾದೆ ಅಂಗನವಾಡಿಯ ಬಾಗಿಲಿನಲ್ಲಿ ನಿಂತವರಿಗೂ ಸಲ್ಲಬೇಕು.

ಸಮಾವೇಶದ ಮುಂದೆ ಇಡಲಾಗಿರುವ ನಿರ್ಣಯದ ಕರಡು ಚಿಕ್ಕದು. ಅಂಗವೈಕಲ್ಯವಿರುವ ಪೋಷಕರನ್ನು ಅಶಕ್ತರೆಂದು ತೀರ್ಮಾನಿಸುವ ಮುನ್ನ ಅವರು ಯಾವ ಕಚೇರಿಯಲ್ಲಿ ಯಾವಾಗ ಏನು ನೆರವು ಕೇಳಿದ್ದರು, ಅದಕ್ಕೆ ಏನು ಉತ್ತರ ಸಿಕ್ಕಿತು ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ತನ್ನ ಆದೇಶದಲ್ಲಿ ಬರೆಯಬೇಕು. ಮನೆಮನೆಯನ್ನು ಬಲ್ಲ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು, ಕರೆಸಿ ಅವರ ಹೇಳಿಕೆಯನ್ನೂ ಪಡೆಯಬೇಕು. ಮೂರ್ಛೆರೋಗವನ್ನು ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ಕೇಂದ್ರಕ್ಕೆ ಹೋಗಬೇಕಾದ್ದರಿಂದ ಅದನ್ನು ಬೇರೆ ನಿರ್ಣಯವಾಗಿ ಮಧ್ಯಾಹ್ನದ ಗೋಷ್ಠಿಗೆ ಬಿಡಲಾಗಿದೆ.