ಹೆಡರ್‌ಗೆ ಸೆರಾಮಿಕ್ ಕೋಟಿಂಗ್: 12 ಸಾವಿರ ಕೊಡಬೇಕಾ, ಬೇಡವಾ?



ಹೋದ ವಾರ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನ ಹತ್ರ 2009ರ ಸ್ವಿಫ್ಟ್ ಇದೆ, ಹಳೆಯ 1.3 ಪೆಟ್ರೋಲ್. ಮೊನ್ನೆ ತಾನೇ ಎಫ್‌ಸಿ ಮಾಡಿಸಿದ್ದಾನೆ. ‘ಅಣ್ಣ, ಹೆಡರ್ 18 ಸಾವಿರ, ಅದಕ್ಕೆ ಸೆರಾಮಿಕ್ ಕೋಟಿಂಗ್ 12 ಸಾವಿರ ಅಂತಿದ್ದಾರೆ, ಇಎಂಐ ಆಗುತ್ತಂತೆ, ಹಾಕಿಸ್ಲಾ?’ ಅಂದ. ಹುಡುಗ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ ಅಷ್ಟೇ. ಹೆಡರ್ ವಿಷಯ ಆಮೇಲೆ ನೋಡೋಣ, ಮೊದಲು ಕೋಟಿಂಗ್ ಬಗ್ಗೆ ಮಾತಾಡೋಣ ಅಂದೆ. ಆ ಮಾತುಕತೆಯೇ ಇವತ್ತಿನ ಎಪಿಸೋಡ್.

ಮೊದಲೇ ಒಂದು ಗೊಂದಲ ಬಗೆಹರಿಸ್ತೀನಿ. ಕಾರ್ ವಾಶ್ ಅಂಗಡಿಗಳಲ್ಲಿ ಪೇಂಟ್ ಮೇಲೆ ಬಟ್ಟೆಯಲ್ಲಿ ಒರೆಸಿ ಹಾಕ್ತಾರಲ್ಲ, ನೀರು ಮುತ್ತಿನ ಹಾಗೆ ಜಾರೋ ಕೋಟಿಂಗ್, ಇದು ಅದಲ್ಲ. ಹೆಸರು ಒಂದೇ, ಕೆಲಸ ಬೇರೆ. ಹೆಡರ್ ಅಂದ್ರೆ ಎಂಜಿನ್‌ನಿಂದ ಹೊಗೆ ಹೊರಗೆ ಬರೋ ಮೊದಲ ಪೈಪುಗಳು. ಕಂಪನಿಯಿಂದ ಬರುವಾಗ ಎಷ್ಟೋ ಕಾರುಗಳಲ್ಲಿ ಅಲ್ಲಿ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಇರುತ್ತೆ. ಅದನ್ನು ತೆಗೆದು, ಒಂದೊಂದು ಸಿಲಿಂಡರ್‌ಗೂ ಒಂದೊಂದು ಉದ್ದನೆಯ ಪೈಪ್ ಇರೋದನ್ನು ಹಾಕಿದ್ರೆ ಅದು ಹೆಡರ್. ಈ ಹುಚ್ಚು ಮೊದಲು ಬೆಳೆದಿದ್ದು ಅಮೆರಿಕದ ಹಾಟ್ ರಾಡ್ ಹುಡುಗರ ಕೈಯಲ್ಲಿ. ದೊಡ್ಡ ವಿ8 ಎಂಜಿನ್, ಎರಡೂ ಕಡೆ ನಾಲ್ಕು ನಾಲ್ಕು ಪೈಪು. ನಮ್ಮಲ್ಲಿ ಇದು ಬಂದಿದ್ದು ರ್‍ಯಾಲಿ ಕಾರುಗಳ ಮೂಲಕ: ಜಿಪ್ಸಿ, ಎಸ್ಟೀಮ್.

ಪೂರ್ತಿ ತುಳಿದಾಗ ಪೆಟ್ರೋಲ್ ಎಂಜಿನ್‌ನ ಹೊಗೆ ಅಲ್ಲಿ 800 ಡಿಗ್ರಿ ಆಸುಪಾಸಿಗೆ ಹೋಗುತ್ತೆ. ಪೈಪು ಕೆಂಪಗೆ ಕಾಯುತ್ತೆ. ಆ ಶಾಖವೆಲ್ಲ ಬಾನೆಟ್ ಒಳಗೇ ಸುತ್ತುತ್ತೆ. ಕೋಟಿಂಗ್ ಮಾರೋರು ಹೇಳೋದು ಮೂರು ಮಾತು: ಬಾನೆಟ್ ಒಳಗೆ ತಣ್ಣಗಿರುತ್ತೆ, ಪವರ್ ಹೆಚ್ಚುತ್ತೆ, ತುಕ್ಕು ಹಿಡಿಯಲ್ಲ.

ಮೊದಲನೆಯದನ್ನು ಸ್ವಲ್ಪ ಲೆಕ್ಕ ಹಾಕೋಣ. ಕ್ಯಾಲ್ಕುಲೇಟರ್ ನಾನೇ ಒತ್ತಿದ್ದೀನಿ, ನೀವು ಕೇಳಿದ್ರೆ ಸಾಕು. ನಾಲ್ಕು ಪೈಪು, ಒಂದೊಂದೂ ಅರ್ಧ ಮೀಟರ್ ಉದ್ದ, ಒಂದೂವರೆ ಇಂಚು ದಪ್ಪ ಅಂದ್ಕೊಳ್ಳಿ. ಘಾಟಿ ಏರುವಾಗಲೋ ಟ್ರ್ಯಾಕ್ ಮೇಲೋ ಪೈಪಿನ ಲೋಹ 600 ಡಿಗ್ರಿ ಕಾದಿದ್ರೆ, ತುಕ್ಕು ಬಣ್ಣದ ಆ ಪೈಪು ಸುತ್ತಲೂ ಬೀರೋ ಶಾಖ ಅಂದಾಜು 6 ಕಿಲೋವ್ಯಾಟ್. ಮನೆಯ ಗೀಸರ್ 2 ಕಿಲೋವ್ಯಾಟ್. ಅಂದ್ರೆ ಬಾನೆಟ್ ಒಳಗೆ ಮೂರು ಗೀಸರ್ ಆನ್ ಮಾಡಿಟ್ಟ ಹಾಗೆ. ಅದೇ ಪೈಪು 300 ಡಿಗ್ರಿಯಲ್ಲಿದ್ರೆ? ಅರ್ಧಕ್ಕೆ ಇಳಿಯುತ್ತೆ ಅನ್ಸುತ್ತೆ ಅಲ್ವಾ? ಇಲ್ಲ. ಒಂದು ಕಿಲೋವ್ಯಾಟ್ ಚಿಲ್ಲರೆ, ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಶಾಖ ಬೀರೋದು ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ, ಅದಕ್ಕೇ ಇಷ್ಟು ವ್ಯತ್ಯಾಸ. ಸಿಲ್ಕ್ ಬೋರ್ಡಲ್ಲಿ ಮೊದಲನೇ ಗೇರಲ್ಲಿ ತೆವಳೋ ಕಾರಿನ ಸಮಸ್ಯೆ ಇಸ್ತ್ರಿ ಪೆಟ್ಟಿಗೆ, ಗೀಸರ್ ಅಲ್ಲ.

ಈಗ ಕೋಟಿಂಗ್ ಹೇಗೆ ಕೆಲಸ ಮಾಡುತ್ತೆ ನೋಡಿ. ‘ಸೆರಾಮಿಕ್ ಶಾಖ ತಡೆಯುತ್ತೆ’ ಅಂತಾರೆ. ಸೆರಾಮಿಕ್ ಶಾಖ ತಡೆಯೋದು ನಿಜ, ಜೆಟ್ ಎಂಜಿನ್‌ನ ಟರ್ಬೈನ್ ಬ್ಲೇಡ್‌ಗೂ ಜಿರ್ಕೋನಿಯಾ ಪದರ ಹಾಕ್ತಾರೆ. ಆದ್ರೆ ಸ್ಪ್ರೇ ಗನ್‌ನಲ್ಲಿ ಹೊಡೆಯೋ ಮಾಮೂಲಿ ಕೋಟಿಂಗ್‌ನ ದಪ್ಪ 25ರಿಂದ 50 ಮೈಕ್ರಾನ್, ತಲೆಕೂದಲಿನಷ್ಟೂ ಇಲ್ಲ. ಅಷ್ಟು ತೆಳು ಪದರ ತಾನೇ ತಡೆಗೋಡೆಯಾಗಿ ಒಂದೆರಡು ಡಿಗ್ರಿಗಿಂತ ಹೆಚ್ಚು ತಡೆಯಲ್ಲ. ನಿಜವಾದ ಕೆಲಸ ಮಾಡೋದು ಮೇಲ್ಮೈ. ಹಳೇ ಥರ್ಮಾಸ್ ಫ್ಲಾಸ್ಕ್ ಒಳಗೆ ಕನ್ನಡಿ ಥರ ಹೊಳೆಯುತ್ತಲ್ಲ, ಅದೇ ಉಪಾಯ. ಹೊಳೆಯೋ ಮೇಲ್ಮೈ ಶಾಖವನ್ನು ಕಡಿಮೆ ಬೀರುತ್ತೆ. ನಮ್ಮ 6 ಕಿಲೋವ್ಯಾಟ್ ಆಗ ಎರಡೂವರೆ ಹತ್ರಕ್ಕೆ ಬರಬಹುದು. ಇದು ಸಣ್ಣ ವಿಷಯ ಅಲ್ಲ.

ಇಲ್ಲೇ ನಮ್ಮ ಹುಡುಗರು ಎಡವೋದು. ಎಲ್ಲರಿಗೂ ಬೇಕಾಗಿರೋದು ಮ್ಯಾಟ್ ಬ್ಲ್ಯಾಕ್! ಇನ್‌ಸ್ಟಾದಲ್ಲಿ ಚೆನ್ನಾಗಿ ಕಾಣುತ್ತೆ, ಒಪ್ತೀನಿ. ಆದ್ರೆ ಕಪ್ಪು ಮೇಲ್ಮೈ ಶಾಖ ಬೀರೋದ್ರಲ್ಲಿ ತುಕ್ಕು ಹಿಡಿದ ಪೈಪಿಗಿಂತ ಕಮ್ಮಿ ಏನಲ್ಲ. ಶಾಖ ಕಡಿಮೆ ಮಾಡೋಕೆ ದುಡ್ಡು ಕೊಟ್ಟು ಕಪ್ಪು ಆರಿಸೋದು ಸೆಕೆಗೆ ಕರಿ ಕಂಬಳಿ ಹೊದ್ದ ಹಾಗೆ. ತಗೊಂಡ್ರೆ ಬೆಳ್ಳಿ ಬಣ್ಣದ್ದು ತಗೊಳ್ಳಿ. ಅದೂ ತೀರಾ ಕಾದ್ರೆ ಹೊಳಪು ಮಂಕಾಗುತ್ತೆ, ಆ ಮಾತು ಬೇರೆ. ಪ್ಲಾಸ್ಮಾ ಸ್ಪ್ರೇ ಅಂತ ಇನ್ನೂ ದಪ್ಪದ್ದು ಇದೆ, ರೇಸ್ ತಂಡಗಳು ಹಾಕಿಸ್ತಾರೆ, ಬೆಲೆ ಕೇಳಿದ್ರೆ ನಮ್ಮ ಜೇಬು ಅಳುತ್ತೆ.

ಪವರ್? ಒಳಗೆ ಹೋಗೋ ಗಾಳಿ 3 ಡಿಗ್ರಿ ತಣ್ಣಗಾದ್ರೆ ಸಾಂದ್ರತೆ ಸುಮಾರು ಶೇ. 1 ಹೆಚ್ಚುತ್ತೆ. 85 ಎಚ್‌ಪಿ ಕಾರಲ್ಲಿ ಅದು ಒಂದು ಎಚ್‌ಪಿಯೂ ಅಲ್ಲ. ಹಿಂದಿನ ಸೀಟಿನ ಫ್ರೆಂಡ್ ಇಳಿದ್ರೆ ಅದಕ್ಕಿಂತ ಹೆಚ್ಚು ವ್ಯತ್ಯಾಸ ಗೊತ್ತಾಗುತ್ತೆ. ಟರ್ಬೊ ಇದ್ರೆ ಮಾತು ಬೇರೆ, ಹೊಗೆಯ ಶಾಖವೇ ಟರ್ಬೈನ್ ತಿರುಗಿಸೋ ಶಕ್ತಿ, ಅದು ದಾರೀಲಿ ಸೋರದಿದ್ರೆ ಒಳ್ಳೇದು.

ಉಳಿದಿದ್ದು ತುಕ್ಕು. ಇದ್ರಲ್ಲಿ ನನಗೆ ಸ್ವಂತ ಅನುಭವ ಇದೆ, ದುಬಾರಿ ಅನುಭವ. ನನ್ನ ಹಳೇ ಎಸ್ಟೀಮ್‌ಗೆ ಸಾದಾ ಉಕ್ಕಿನ ಹೆಡರ್ ಹಾಕಿಸಿ, ಕೋಟಿಂಗ್ ದುಬಾರಿ ಅಂತ ಫೈಬರ್ ಪಟ್ಟಿ ಸುತ್ತಿಸಿದ್ದೆ. ಆಗ ಕೆಲಸ ಉಡುಪಿ ಕಡೆ. ಕರಾವಳಿ ಮಳೆ ನಿಮಗೆ ಗೊತ್ತು. ಪಟ್ಟಿ ನೀರು ಕುಡೀತು, ಪೈಪಿಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗಾಯ್ತು. ಎರಡನೇ ಮಳೆಗಾಲ ಮುಗಿಯೋ ಹೊತ್ತಿಗೆ ಪಟ್ಟಿ ಬಿಚ್ಚಿದ್ರೆ ಪೈಪು ಹಪ್ಪಳದ ಥರ ಪದರ ಪದರ ಉದುರ್ತು. ಹೊಸ ಹೆಡರ್ ತಂದು ಈ ಸಲ ಕೋಟಿಂಗ್‌ಗೇ ಕೊಟ್ಟೆ. ಆ ಅಂಗಡಿಯೋರು ಸ್ಯಾಂಡ್ ಬ್ಲಾಸ್ಟಿಂಗ್ ಮಾಡದೆ, ತಿನ್ನರ್‌ನಲ್ಲಿ ಒರೆಸಿ ಹೊಡೆದುಬಿಟ್ಟಿದ್ರು. ಮೂರು ತಿಂಗಳಿಗೆ ಚಕ್ಕೆ ಎದ್ದಿತು. ಕೇಳಿದ್ರೆ ‘ನೀವು ಜೋರಾಗಿ ಓಡಿಸಿರಬೇಕು ಸಾರ್’ ಅಂದ್ರು. ಜೋರಾಗಿ ಓಡಿಸೋಕೆ ತಾನೇ ಹೆಡರ್ ಹಾಕ್ಸಿದ್ದು?

ಮೂರನೇ ಸಲ ಬೇರೆ ಕಡೆ, ನಾನೇ ನಿಂತು ಮಾಡಿಸಿದೆ. ಬ್ಲಾಸ್ಟಿಂಗ್ ಮಾಡಿ ಲೋಹ ಬೂದು ಬಣ್ಣಕ್ಕೆ ಬಂದ ಮೇಲೆ ಕೈ ಬೆವರೂ ತಾಗದ ಹಾಗೆ ಹಿಡಿದು, ಒಳಗೂ ಹೊರಗೂ ಹೊಡೆದು, ಓವನ್‌ನಲ್ಲಿ ಬೇಯಿಸಿದ್ರು. ಒಳಗೂ ಅನ್ನೋದನ್ನ ಒತ್ತಿ ಹೇಳ್ತಿದ್ದೀನಿ. ಹೊರಗೆ ಮಾತ್ರ ಹೊಡೆದ್ರೆ ಶಾಖ ಹೊರಗೆ ಹೋಗೋಕಾಗದೆ ಲೋಹವೇ ಇನ್ನಷ್ಟು ಕಾಯುತ್ತೆ. ಈ ಹೆಡರ್ ಐದನೇ ವರ್ಷ ನೋಡ್ತಿದೆ, ಜಾಯಿಂಟ್ ಹತ್ರ ಸ್ವಲ್ಪ ಮಂಕಾಗಿದೆ ಅಷ್ಟೇ. ಸಾದಾ ಉಕ್ಕು, ಮಳೆ ಊರು, ಇನ್ನೂ ಹತ್ತು ವರ್ಷ ಇಟ್ಕೊಳ್ಳೋ ಕಾರು, ಈ ಮೂರೂ ಇದ್ರೆ ತುಕ್ಕಿನ ಕಾರಣಕ್ಕೇ ದುಡ್ಡು ಕೊಡಬಹುದು. ಸ್ಟೇನ್‌ಲೆಸ್ ಹೆಡರ್ ಆದ್ರೆ ಆ ಕಾರಣವೂ ಹೋಯ್ತು.

ಹಾಗಾದ್ರೆ ತಮ್ಮನಿಗೆ ಏನ್ ಹೇಳ್ದೆ? ನೀನು ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಟ್ರ್ಯಾಕ್ ಡೇಗೆ ಹೋಗ್ತೀಯಾ? ಇಲ್ಲ. ಟರ್ಬೊ ಇದ್ಯಾ? ಇಲ್ಲ. ಸಮುದ್ರದ ಪಕ್ಕ ಇದ್ದೀಯಾ? ಯಲಹಂಕದಲ್ಲಿದ್ದಾನೆ. ಮೂರಕ್ಕೂ ಇಲ್ಲ ಅಂದ್ರೆ ಕೋಟಿಂಗ್ ಬೇಡ. ಆಮೇಲೆ ಹೆಡರ್ ವಿಷಯ. ‘ಕ್ಯಾಟ್ ತೆಗೆದು ಹಾಕ್ತಾರಾ?’ ಅಂತ ಕೇಳ್ದೆ. ‘ಹೂಂ, ಅದನ್ನ ತೆಗೆದ್ರೇನೇ ಸೌಂಡು’ ಅಂದ. ಅಲ್ಲಿಗೆ ಹೊಗೆ ಪರೀಕ್ಷೆಗೂ ಕುತ್ತು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೂ ಉತ್ತರ ಕೊಡಬೇಕು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿಯ ಮೂಲ ವಿನ್ಯಾಸ ಬದಲಿಸೋ ಹಾಗಿಲ್ಲ ಅಂತ ಹೇಳಿದೆ. ಹೊಸ ಕಾರು ಇರೋರಿಗೆ ಇನ್ನೊಂದು ಮಾತು: ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ ಥರದ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ ಒಳಗೇ ಸೇರಿಕೊಂಡಿದೆ. ಅಲ್ಲಿ ಕೋಟಿಂಗ್ ಮಾಡೋಕೆ ಹೆಡರ್ರೇ ಇಲ್ಲ. ಯಾರಾದ್ರೂ ಮಾಡ್ತೀನಿ ಅಂದ್ರೆ ಎಲ್ಲಿಗೆ ಅಂತ ಕೇಳಿ.

‘ಕಾರಿನ ಟೈರ್ ನೋಡಿದ್ಯೇನೋ?’ ಅಂತ ಕೊನೆಗೆ ಕೇಳ್ದೆ. ಫೋಟೊ ಕಳಿಸಿದ. ಬೋಳಾಗಿತ್ತು. ಇವತ್ತು ಬೆಳಗ್ಗೆ ಅವನ ಮೆಸೇಜ್ ಬಂತು: ‘ಅಣ್ಣ, ನಾಲ್ಕೂ ಟೈರ್ ಹಾಕ್ಸ್ದೆ. ಹೆಡರ್ ಆಮೇಲೆ.’

‘ಆಮೇಲೆ’ ಅಂತ ಇದೆ, ಗಮನಿಸಿ. ಚಿಕ್ಕಮ್ಮ ಈ ಎಪಿಸೋಡ್ ಕೇಳಿದ್ರೆ, ನಾನು ಬೇಡ ಅಂತಾನೇ ಹೇಳಿದ್ದೀನಿ.