‘ರ‍್ಯಾಲಿ’ ಮತ್ತೆ ಒಡೆಯದಂತೆ ಕಾಯುವವರು ಯಾರು?

(ಬಳಗದ ಯುವ ಶಿಬಿರದಲ್ಲಿ ಗೆಳೆಯರೊಬ್ಬರು ಆಡಿದ ಮಾತುಗಳ ಬರಹರೂಪ. – ಸಂ.)



ಇವತ್ತಿನ ಶಿಬಿರದ ಕರೆ ನಿಮ್ಮೆಲ್ಲರ ಫೋನಿಗೂ ಬಂದಿದೆ. ಒಮ್ಮೆ ತೆಗೆದು ನೋಡಿ. ‘ಸಂಜೆ ಐದಕ್ಕೆ ಬೈಕ್ ರ‍್ಯಾಲಿ’ ಎಂದಿದೆಯಲ್ಲ? ರ ಪೂರ್ತಿಯಾಗಿ ನಿಂತು, ಅದರ ಕೆಳಗೆ ಯ ಒತ್ತು ಬಂದಿದೆ. ಸರಿಯಾಗಿದೆ. ಅದೇ ಸಂದೇಶವನ್ನು ಕರಪತ್ರ ಮಾಡಿಸಲೆಂದು ಒಂದು ಅಂಗಡಿಗೆ ಕಳಿಸಿದೆವು. ಅಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಅದು ‘ರ್‌ಯಾಲಿ’ ಆಗಿ ಕಂಡಿತು. ರ್ ಒಂದು ಕಡೆ, ಯಾಲಿ ಇನ್ನೊಂದು ಕಡೆ. ಅಂಗಡಿಯ ಹುಡುಗ ಯಾವುದೇ ಅಕ್ಷರ ಅಳಿಸಿರಲಿಲ್ಲ, ಸೇರಿಸಿರಲಿಲ್ಲ. ನಾವು ಕಳಿಸಿದ್ದೂ ತಪ್ಪಾಗಿರಲಿಲ್ಲ. ಹಾಗಾದರೆ ಕನ್ನಡದ ಒತ್ತು ದಾರಿಯಲ್ಲಿ ಕಳಚಿದ್ದು ಎಲ್ಲಿ?

ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಏನು ಮಾಡಬೇಕೆಂದು ನಮಗೆ ಗೊತ್ತು. ಬ್ಯಾಂಕಿನ ಚಲನ್ನಿನಲ್ಲಿ ಕನ್ನಡ ಇಲ್ಲದಿದ್ದರೂ ಗೊತ್ತು. ಮ್ಯಾನೇಜರನ ಕೋಣೆಯ ಮುಂದೆ ಕೂರುತ್ತೇವೆ, ಘೋಷಣೆ ಕೂಗುತ್ತೇವೆ, ಮನವಿ ಕೊಡುತ್ತೇವೆ. ಆದರೆ ಪರದೆಯ ಮೇಲೆ ಒತ್ತಕ್ಷರ ಒಡೆದರೆ ಯಾರ ಬಾಗಿಲಿಗೆ ಹೋಗಬೇಕು? ಅಲ್ಲಿ ಬಾಗಿಲು ಇದೆ, ಬೀಗವನ್ನೂ ಹಾಕಿಲ್ಲ. ನಾವು ಹೋಗಿಲ್ಲ ಅಷ್ಟೆ.

ಮೊದಲು ಒಡೆದದ್ದು ಏಕೆ ಎಂದು ನೋಡೋಣ. ಕಂಪ್ಯೂಟರಿನ ಒಳಗೆ ‘ರ‍್ಯ’ ಎಂಬ ಒಂದು ಅಕ್ಷರ ಇಲ್ಲ. ರ ಇದೆ, ಹಲಂತದ ಚಿಹ್ನೆ ಇದೆ, ಯ ಇದೆ. ಈ ಮೂರನ್ನು ಸಾಲಾಗಿ ಕೊಟ್ಟರೆ ಅರ್ಕಾವತ್ತು ಬರುತ್ತದೆ: ಸೂರ್ಯ, ಕಾರ್ಯ, ಆಚಾರ್ಯ. ಈ ಪದಗಳಿಗೆ ಅದು ಸರಿ. ಆದರೆ ‘ರ‍್ಯಾಲಿ’, ‘ರ‍್ಯಾಂಕ್’ ಎಂಬಲ್ಲಿ ಪದದ ತಲೆಯಲ್ಲೇ ಅರ್ಕಾವತ್ತು ಬಂದರೆ ಓದುವ ಕಣ್ಣು ಎಡವುತ್ತದೆ. ಅದಕ್ಕಾಗಿ ನಡುವೆ ಇನ್ನೊಂದು ಚಿಹ್ನೆ ಇಡಬೇಕು. ಅದು ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಜೋಡಣೆ ಚಿಹ್ನೆ. ತಂತ್ರಜ್ಞರು ಅದನ್ನು ಝಡ್‌ಡಬ್ಲ್ಯುಜೆ ಎನ್ನುತ್ತಾರೆ. ಇಂದಿನ ಯೂನಿಕೋಡ್ ಕ್ರಮದಲ್ಲಿ ಅದು ರ ಆದ ಕೂಡಲೇ, ಹಲಂತಕ್ಕೆ ಮೊದಲು ಬರಬೇಕು. ಹಿಂದಿನ ರೂಢಿಯಲ್ಲಿ ಹಲಂತ ಆದ ಮೇಲೆ ಬರುತ್ತಿತ್ತು. ಆ ಹಳೆಯ ಕ್ರಮದಲ್ಲಿ ಟೈಪಾದ ಕನ್ನಡ ಬೇಕಾದಷ್ಟಿದೆ. ಹೊಸ ಕ್ರಮ ಮಾತ್ರ ಬಲ್ಲ ತಂತ್ರಾಂಶಕ್ಕೆ ಹಳೆಯ ಪಠ್ಯ ಕೊಟ್ಟರೆ ಒತ್ತು ಕಳಚಿ ಬೀಳುತ್ತದೆ. ನಮ್ಮ ಕರಪತ್ರಕ್ಕೆ ಆದದ್ದು ಇದೇ.

ಈ ಜೋಡಣೆಯ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಒಂದರ ಹೆಸರು ಹಾರ್ಫ್‌ಬಜ್. ಹೆಸರು ಪರ್ಷಿಯನ್ ಭಾಷೆಯದು, ‘ತೆರೆದ ಅಕ್ಷರ’ ಎಂಬ ಅರ್ಥ ಬರುವಂತೆ ಕಟ್ಟಿದ್ದು. ಇರಾನ್ ಮೂಲದ ಬೆಹ್ದಾದ್ ಎಸ್ಫಾಹ್‌ಬೋದ್ ಇದನ್ನು ಬೆಳೆಸಿದವರಲ್ಲಿ ಮುಖ್ಯರು. ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಇದು ಕೂತಿದೆ. ನೀವು ಇವತ್ತು ಬೆಳಗಿನಿಂದ ಫೋನಿನಲ್ಲಿ ಓದಿದ ಕನ್ನಡದ ಬಹುಪಾಲು ಇದರ ಕೈ ದಾಟಿಯೇ ಬಂದಿರುತ್ತದೆ. ಇದು ಮುಕ್ತ ತಂತ್ರಾಂಶ. ಒಳಗಿನ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು.

ಅದರೊಳಗೆ ನಮ್ಮ ‘ರ‍್ಯ’ದ ತೊಂದರೆಯನ್ನು ಕಳೆದ ದಶಕದಲ್ಲೇ ಸರಿ ಮಾಡಿದ್ದಾರೆ. ಆ ಭಾಗವನ್ನು ನಾನು ಓದಿದ್ದೇನೆ. ಹತ್ತು ಹನ್ನೆರಡು ಸಾಲು, ಅಷ್ಟೆ. ಲಿಪಿ ಕನ್ನಡವೇ? ಶುರುವಾಗುವುದು ರ, ಹಲಂತ, ಝಡ್‌ಡಬ್ಲ್ಯುಜೆ ಎಂಬ ಮೂರರಿಂದಲೇ? ಹೌದಾದರೆ ಕೊನೆಯ ಎರಡನ್ನು ಅದಲು ಬದಲು ಮಾಡು. ಮೇಲುಗಡೆ ‘ಕನ್ನಡದ ಹಳೆಯ ರೂಢಿಗೆ ಹೊಂದಲು’ ಎಂಬರ್ಥದ ಟಿಪ್ಪಣಿಯೂ ಇದೆ. ಜಗತ್ತಿನ ಕೋಟ್ಯಂತರ ಫೋನುಗಳಲ್ಲಿ ಕೂತಿರುವ ತಂತ್ರಾಂಶದ ಒಳಗೆ ಕನ್ನಡದ ಹೆಸರು ಹಿಡಿದು ಬರೆದ ಸಾಲು! ಓದಿದಾಗ ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಆದರೆ ‘ಲಿಪಿ ಕನ್ನಡವೇ?’ ಎಂದು ಮೊದಲು ಕೇಳುವುದೇಕೆ? ನಮ್ಮ ಮಾತಿನ ಗಂಟು ಇಲ್ಲಿದೆ. ದೇವನಾಗರಿ, ಬಂಗಾಳಿ, ಗುರ್ಮುಖಿ, ಗುಜರಾತಿ, ಒಡಿಯಾ, ತಮಿಳು, ತೆಲುಗು, ಕನ್ನಡ, ಮಲಯಾಳ ಎಲ್ಲವನ್ನೂ ಹಾರ್ಫ್‌ಬಜ್‌ನ ಒಂದೇ ಕಡತ ನೋಡಿಕೊಳ್ಳುತ್ತದೆ. ವಠಾರದ ಮನೆಗಳಿದ್ದಂತೆ, ಗೋಡೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ರ, ಹಲಂತ, ಝಡ್‌ಡಬ್ಲ್ಯುಜೆ ಎಂಬ ಇದೇ ಮೂರು ಹಳೆಯ ಮಲಯಾಳ ಪಠ್ಯದಲ್ಲಿ ಬಂದರೆ ಅದು ಅವರ ಚಿಲ್ಲಕ್ಷರ. ಮರಾಠಿಯಲ್ಲಿ ಬಂದರೆ ರೆಪ್ಪೆಯ ಹಾಗೆ ಬಾಗಿದ ಅರ್ಧ ರ. ನಾವು ನಮ್ಮ ಅವಸರಕ್ಕೆ ‘ಎಲ್ಲ ಲಿಪಿಗೂ ಅದಲು ಬದಲು ಮಾಡು’ ಎಂದು ಬರೆದಿದ್ದರೆ ಬೆಂಗಳೂರಿನ ರ‍್ಯಾಲಿ ಸರಿಹೋಗಿ ಕೊಚ್ಚಿಯ, ಪುಣೆಯ ಅಕ್ಷರ ಕೆಡುತ್ತಿತ್ತು. ನಾಳೆ ಅವರಲ್ಲೊಬ್ಬ ತನ್ನ ಲಿಪಿಗಾಗಿ ಏನೋ ತಿದ್ದಿದರೆ ನಮ್ಮದು ಕೆಡಬಹುದು. ಯಾರಿಗೂ ದ್ವೇಷ ಇರಬೇಕಾಗಿಲ್ಲ. ಮಲತಾಯಿ ಧೋರಣೆಯೇ ಬೇಕಿಲ್ಲ, ಮರೆವು ಸಾಕು.

ಸರಿಯಿದ್ದದ್ದು ಹೀಗೆ ಮತ್ತೆ ಕೆಡುವುದಕ್ಕೆ ಇಂಗ್ಲಿಷಿನಲ್ಲಿ ರಿಗ್ರೆಷನ್ ಎನ್ನುತ್ತಾರೆ. ನಮಗೆ ಇದು ಹೊಸದಲ್ಲ. ಕನ್ನಡ ಆಡಳಿತ ಭಾಷೆಯ ಕಾಯಿದೆ ಬಂದದ್ದು ೧೯೬೩ರಲ್ಲಿ. ಆಮೇಲೆ ಎಷ್ಟು ಸುತ್ತೋಲೆ! ಆದೇಶ ಹೊರಡುತ್ತದೆ, ನಾಲ್ಕು ದಿನ ಕಡತ ಕನ್ನಡದಲ್ಲಿ ಓಡಾಡುತ್ತದೆ, ಅಧಿಕಾರಿ ವರ್ಗವಾಗುತ್ತಾನೆ, ಮತ್ತೆ ಇಂಗ್ಲಿಷ್. ಸರಿಪಡಿಸಿದ್ದು ಸರಿಯಾಗಿಯೇ ಉಳಿದಿದೆಯೇ ಎಂದು ದಿನವೂ ನೋಡುವವರಿಲ್ಲ.

ತಂತ್ರಾಂಶದಲ್ಲಿ ಆ ‘ದಿನವೂ ನೋಡುವ’ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಹುದು. ರಿಗ್ರೆಷನ್ ಟೆಸ್ಟ್ ಎಂದರೆ ಅದೇ. ಹಾರ್ಫ್‌ಬಜ್‌ನಲ್ಲಿ ಒಂದು ಟೆಸ್ಟ್ ಎಂದರೆ ಒಂದೇ ಒಂದು ಸಾಲು. ಅದರಲ್ಲಿ ನಾಲ್ಕು ಭಾಗ. ಯಾವ ಫಾಂಟು, ಯಾವ ಆಯ್ಕೆ, ಯಾವ ಅಕ್ಷರಗಳು ಯಾವ ಕ್ರಮದಲ್ಲಿ, ಕೊನೆಗೆ ಬರಬೇಕಾದ ಉತ್ತರ ಏನು. ಉತ್ತರ ಎಂದರೆ ಚಿತ್ರವಲ್ಲ. ಫಾಂಟಿನ ಇಂಥ ಆಕಾರ ಮೊದಲು, ಇಂಥದ್ದು ಆಮೇಲೆ, ಒಂದೊಂದೂ ಎಷ್ಟು ಜಾಗ ಹಿಡಿಯಬೇಕು ಎಂಬ ಪಟ್ಟಿ. ಯಾರಾದರೂ ತಂತ್ರಾಂಶದಲ್ಲಿ ಒಂದು ಅಲ್ಪವಿರಾಮ ಬದಲಿಸಿ ಕಳಿಸಿದರೂ ಈ ಸಾಲುಗಳೆಲ್ಲ ತಮ್ಮಷ್ಟಕ್ಕೆ ಓಡುತ್ತವೆ, ಲಿನಕ್ಸಿನಲ್ಲಿ, ವಿಂಡೋಸಿನಲ್ಲಿ, ಮ್ಯಾಕಿನಲ್ಲಿ. ಒಂದು ಸಾಲಿನ ಉತ್ತರ ತಪ್ಪಿದರೂ ಕೆಂಪು ದೀಪ. ತಿದ್ದಿದವನಿಗೆ ಕನ್ನಡದ ಗಂಧವೇ ಇಲ್ಲದಿರಬಹುದು, ಅವನು ಟೊರಾಂಟೊದಲ್ಲೋ ಬರ್ಲಿನ್ನಿನಲ್ಲೋ ಕೂತಿರಬಹುದು. ‘ನೀನು ಮಾಡಿದ್ದರಿಂದ ಕನ್ನಡದ ರ‍್ಯ ಒಡೆಯಿತು’ ಎಂದು ಅವನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ನಾವು ಯಾರೂ ಎದ್ದು ಕೂಗಬೇಕಾಗಿಲ್ಲ.

ಹಾಗೆ ಟೆಸ್ಟ್ ಇಲ್ಲದೆ ಬರೀ ತಿದ್ದುಪಡಿ ಮಾಡಿಸಿಕೊಂಡು ಬಂದರೆ? ಐದು ವರ್ಷ ಬಿಟ್ಟು ಯಾರೋ ಮನೆ ಗುಡಿಸುವಾಗ ‘ಈ ಹತ್ತು ಸಾಲು ಯಾತಕ್ಕೆ?’ ಎಂದು ಕಿತ್ತು ಹಾಕಬಹುದು. ಕಿತ್ತದ್ದು ತಪ್ಪೆಂದು ಹೇಳಲು ಯಾರೂ ಇರುವುದಿಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ, ಗಮನವಿಟ್ಟು ಕೇಳಿ. ೨೦೧೦ರ ದಶಕದ ಮೊದಲ ಭಾಗದಲ್ಲಿ ಹಾರ್ಫ್‌ಬಜ್ ತಂಡ ಒಂದು ದೊಡ್ಡ ಹೋಲಿಕೆ ನಡೆಸಿತು. ವಿಕಿಪೀಡಿಯದಿಂದ ಪದಗಳನ್ನು ತೆಗೆದು, ಅದೇ ಫಾಂಟಿನಲ್ಲಿ, ಒಮ್ಮೆ ಹಾರ್ಫ್‌ಬಜ್‌ಗೆ, ಒಮ್ಮೆ ಮೈಕ್ರೋಸಾಫ್ಟಿನ ಯೂನಿಸ್ಕ್ರೈಬ್‌ಗೆ ಕೊಟ್ಟು ಎರಡರ ಉತ್ತರ ತಾಳೆ ನೋಡಿದರು. ಕನ್ನಡದ ಪದಗಳು ೯,೫೧,೯೧೩. ತಾಳೆಯಾದದ್ದು ೯,೫೧,೧೯೦. ಆಗದೆ ಉಳಿದದ್ದು ೭೨೩. ತೆಲುಗಿನ ೯,೭೦,೫೭೩ ಪದಗಳಲ್ಲಿ ಉಳಿದದ್ದು ೧೮. ತಮಿಳಿನ ೧೦,೯೧,೭೫೪ರಲ್ಲಿ ಒಂದೇ ಒಂದು.

ಈಗ ನಿಮ್ಮಲ್ಲಿ ಕೆಲವರ ಮುಖ ಕೆಂಪಾಗಿದೆ. ನನಗೂ ಮೊದಲು ಹಾಗೇ ಆಯಿತು. ‘ತಮಿಳಿಗೆ ಒಂದು, ನಮಗೆ ಏಳುನೂರಿಪ್ಪತ್ತಮೂರೇ? ಅನ್ಯಾಯ!’ ಎಂದು ಕೂಗಬೇಕೆನಿಸಿತು. ಸ್ವಲ್ಪ ತಡೆಯಿರಿ. ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂಬುದು ಒಂದು. ತಮಿಳಿನಲ್ಲಿ ನಮ್ಮ ಹಾಗೆ ಒತ್ತಿನ ಮೇಲೆ ಒತ್ತು ಇಲ್ಲ ಎಂಬುದು ಇನ್ನೊಂದು. ಎಲ್ಲಕ್ಕಿಂತ ದೊಡ್ಡ ಮಾತು, ತಾಳೆಯಾಗಲಿಲ್ಲ ಎಂದರೆ ತಪ್ಪು ಎಂದೇ ಅಲ್ಲ. ಎರಡು ತಂತ್ರಾಂಶ ಎರಡು ಉತ್ತರ ಕೊಟ್ಟಿವೆ, ಅಷ್ಟೆ. ಹಾರ್ಫ್‌ಬಜ್ ತಪ್ಪಿರಬಹುದು, ಮೈಕ್ರೋಸಾಫ್ಟ್ ತಪ್ಪಿರಬಹುದು, ಫಾಂಟು ಕೆಟ್ಟಿರಬಹುದು, ವಿಕಿಪೀಡಿಯದಲ್ಲಿ ಬರೆದ ಪುಣ್ಯಾತ್ಮನೇ ಅಡ್ಡಾದಿಡ್ಡಿ ಟೈಪು ಮಾಡಿರಬಹುದು.

ಇದನ್ನು ತೀರ್ಮಾನಿಸುವವರು ಯಾರು? ಯಂತ್ರಕ್ಕೆ ಎರಡು ಉತ್ತರ ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಅದರಲ್ಲಿ ಯಾವುದು ಕನ್ನಡ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಮೂರನೆಯ ಕ್ಲಾಸಿನಲ್ಲಿ ಮೇಷ್ಟರ ಕೈಯಲ್ಲಿ ಪೆಟ್ಟು ತಿಂದು ಒತ್ತಕ್ಷರ ಕಲಿತ ಕಣ್ಣು ಬೇಕು. ಆ ಕಣ್ಣು ನಿಮ್ಮ ಹತ್ತಿರ ಇದೆ, ಬೆಹ್ದಾದ್ ಹತ್ತಿರ ಇಲ್ಲ. ಆತ ಅಷ್ಟು ಲಿಪಿಗಳನ್ನು ಹೊರಗಿನಿಂದ ಕಲಿತು ಇಷ್ಟು ಮಾಡಿದ್ದಾನೆ, ಅವನಿಗೆ ಕೈ ಮುಗಿಯಬೇಕು. ಆದರೆ ಬೆಂಗಳೂರಿನ ರಸ್ತೆ ರಸ್ತೆಯಲ್ಲೂ ತಂತ್ರಾಂಶದ ಕಂಪನಿ ಇದ್ದು, ಅವುಗಳಲ್ಲಿ ಸಾವಿರಾರು ಕನ್ನಡದ ಹುಡುಗ ಹುಡುಗಿಯರು ಹಗಲಿಡೀ ಅಮೆರಿಕದ ಬ್ಯಾಂಕಿಗೋ ವಿಮಾ ಕಂಪನಿಗೋ ಇದೇ ಟೆಸ್ಟ್ ಬರೆದು ಬದುಕುತ್ತಿದ್ದಾರಲ್ಲ, ಅವರಲ್ಲಿ ಎಷ್ಟು ಮಂದಿ ಕನ್ನಡದ ಅಕ್ಷರಕ್ಕೆ ಒಂದು ಸಾಲು ಬರೆದಿದ್ದಾರೆ? ನಾನೂ ಹತ್ತು ವರ್ಷ ಬರೆದಿರಲಿಲ್ಲ. ಆ ನಾಚಿಕೆಯೇ ನನ್ನನ್ನು ಇವತ್ತು ಈ ವೇದಿಕೆಗೆ ತಂದದ್ದು.

‘ಕಂಪನಿಗಳೇ ನೋಡಿಕೊಳ್ಳಲಿ, ದುಡ್ಡು ಅವರಿಗೆ ತಾನೆ’ ಎನ್ನುವವರಿದ್ದಾರೆ. ೨೦೧೮ರ ಫೆಬ್ರವರಿ ನೆನಪಿಸಿಕೊಳ್ಳಿ. ತೆಲುಗಿನ ‘ಜ್ಞಾ’ ಅಕ್ಷರದ ಒಂದು ರೂಪ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆಪ್‌ಗಳು ಕುಸಿಯುತ್ತಿದ್ದವು. ಹುಡುಗರಿಗೆ ಅದೊಂದು ಆಟವಾಯಿತು, ಕಂಡವರಿಗೆಲ್ಲ ಕಳಿಸಿದರು. ಎಂಟು ಕೋಟಿ ಜನ ಆಡುವ ಭಾಷೆಯ ಅಕ್ಷರ ಜಗತ್ತಿನ ಪತ್ರಿಕೆಗಳಲ್ಲಿ ‘ಫೋನು ಕೊಲ್ಲುವ ಅಕ್ಷರ’ ಆಯಿತು! ಅದೇ ತಿಂಗಳು ಆಪಲ್ ೧೧.೨.೬ ಎಂಬ ಆವೃತ್ತಿ ಬಿಟ್ಟು ಸರಿ ಮಾಡಿತು. ಸರಿ ಮಾಡಿದರು, ಆದರೆ ಆ ಅಕ್ಷರಕ್ಕೆ ಕಾವಲಿನ ಟೆಸ್ಟ್ ಇಟ್ಟರೋ ಇಲ್ಲವೋ ಹೊರಗಿನವರಿಗೆ ಕಾಣುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಅದನ್ನು ಕಣ್ಣಾರೆ ನೋಡಬಹುದು, ಇಲ್ಲದಿದ್ದರೆ ನಾವೇ ಇಡಬಹುದು. ಯೂನಿಕೋಡ್ ಸಂಸ್ಥೆ ಇಟ್ಟಿರುವ ಅಕ್ಷರ ಜೋಡಣೆಯ ಟೆಸ್ಟ್ ಕಟ್ಟಿನಲ್ಲಿ ಕನ್ನಡಕ್ಕೆಂದೇ ಕೆಲವು ಟೆಸ್ಟ್ ಇವೆ. ಹಾರ್ಫ್‌ಬಜ್ ಅವನ್ನೂ ಓಡಿಸುತ್ತದೆ. ಇವೆ, ಆದರೆ ಕನ್ನಡದ ಒತ್ತುಗಳ ಸಂಸಾರಕ್ಕೆ ಸಾಲವು.

ಕೆಲಸ ಹೇಗೆ ಎಂದು ಕೇಳುತ್ತೀರಿ. ಹಾರ್ಫ್‌ಬಜ್‌ನ ಮೂಲವನ್ನು ಇಳಿಸಿಕೊಳ್ಳಿ. ‘ಮೆಸನ್’ ಎಂಬ ಸಲಕರಣೆಯಿಂದ ಕಟ್ಟಿ. ‘ಮೆಸನ್ ಟೆಸ್ಟ್’ ಎಂದು ಕೊಟ್ಟರೆ ಇರುವ ಟೆಸ್ಟ್‌ಗಳೆಲ್ಲ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ಹೊಸ ಟೆಸ್ಟ್ ಸೇರಿಸಲು ‘ರೆಕಾರ್ಡ್ ಟೆಸ್ಟ್’ ಎಂಬ ಸಣ್ಣ ಸ್ಕ್ರಿಪ್ಟು ಅದರಲ್ಲೇ ಇದೆ. ಫಾಂಟು ಮತ್ತು ಪದ ಕೊಟ್ಟರೆ ಆ ಪದಕ್ಕೆ ಬೇಕಾದ ಆಕಾರಗಳನ್ನಷ್ಟೇ ಉಳಿಸಿ ಫಾಂಟನ್ನು ಕತ್ತರಿಸಿ, ಟೆಸ್ಟಿನ ಸಾಲನ್ನು ತಾನೇ ಬರೆದುಕೊಡುತ್ತದೆ. ಫಾಂಟು ಮಾತ್ರ ಮುಕ್ತ ಪರವಾನಗಿಯದಾಗಿರಬೇಕು. ಲೋಹಿತ್ ಕನ್ನಡ, ನೋಟೊ ಕನ್ನಡ ಇವೆ. ಎಲ್ಲಿಂದಲೋ ಕದ್ದು ತಂದ ಫಾಂಟು ಹಾಕಿ ಕಳಿಸಿ ಕನ್ನಡದ ಮರ್ಯಾದೆ ಕಳೆಯಬೇಡಿ.

ಒಂದು ಎಚ್ಚರಿಕೆ. ಆ ಸ್ಕ್ರಿಪ್ಟು ಇವತ್ತು ತಂತ್ರಾಂಶ ಏನು ತೋರಿಸುತ್ತದೋ ಅದನ್ನೇ ‘ಸರಿ ಉತ್ತರ’ ಎಂದು ಬರೆದುಕೊಳ್ಳುತ್ತದೆ. ಇವತ್ತಿನದೇ ತಪ್ಪಾಗಿದ್ದರೆ? ತಪ್ಪಿಗೇ ಕಾವಲು ಇಟ್ಟಂತಾಗುತ್ತದೆ, ನಾಳೆ ಸರಿಪಡಿಸಲು ಬಂದವನ ಮುಂದೆ ಕೆಂಪು ದೀಪ ಹೊತ್ತಿ ನಿಲ್ಲುತ್ತದೆ. ಆದ್ದರಿಂದ ಪದವನ್ನು ಪರದೆಯ ಮೇಲೆ ದೊಡ್ಡದಾಗಿ ಬರೆಸಿ ಕಣ್ಣಿಂದ ನೋಡಿಯೇ ಸಾಲು ಸೇರಿಸಬೇಕು. ಅನುಮಾನ ಬಂದರೆ ಬಲ್ಲವರನ್ನು ಕೇಳಬೇಕು. ಅಚ್ಚುಮೊಳೆ ಜೋಡಿಸಿದ ಹಿರಿಯರು ಇನ್ನೂ ಇದ್ದಾರೆ, ಅವರಷ್ಟು ಚೆನ್ನಾಗಿ ಒತ್ತಿನ ಜಾಗ ಬಲ್ಲವರಿಲ್ಲ.

ಪ್ರೋಗ್ರಾಮಿಂಗ್ ಬಾರದವರು ಬೇಸರ ಮಾಡಿಕೊಳ್ಳಬೇಡಿ. ನಮಗೆ ಮೊದಲು ಬೇಕಾದದ್ದು ಪದಗಳು. ಫೋನಿನಲ್ಲಿ, ಬಸ್ಸಿನ ಬೋರ್ಡಿನಲ್ಲಿ, ಸರ್ಕಾರಿ ಅರ್ಜಿಯಲ್ಲಿ ಕನ್ನಡ ಒಡೆದದ್ದು ಕಂಡರೆ ಫೋಟೋ ತೆಗೆಯಿರಿ. ಆದರೆ ಫೋಟೋ ಒಂದೇ ಸಾಲದು. ಆ ಪಠ್ಯವನ್ನು ಹಾಗೇ ನಕಲು ಮಾಡಿ ಕಳಿಸಿ, ಮತ್ತೆ ಟೈಪು ಮಾಡಬೇಡಿ, ಮಾಡಿದರೆ ಒಳಗಿನ ಕಾಣದ ಚಿಹ್ನೆ ಹೋಗಿಬಿಡುತ್ತದೆ. ಯಾವ ಫೋನು, ಯಾವ ಆಪ್ ಎಂದೂ ಬರೆಯಿರಿ.

ಊಟದ ನಂತರ ಮೂರು ಗಂಟೆಗೆ ಹಿಂದಿನ ಕೋಣೆಯಲ್ಲಿ ಕೂರೋಣ. ಲ್ಯಾಪ್‌ಟಾಪ್ ತಂದವರು ಒಂದು ಕಡೆ, ಪದ ತಂದವರು ಒಂದು ಕಡೆ. ಮೊದಲ ಪದ ‘ರ‍್ಯಾಂಕ್’. ಎರಡೂ ಕ್ರಮದಲ್ಲಿ, ಮೂರು ಫಾಂಟಿನಲ್ಲಿ. ಐದಕ್ಕೆ ರ‍್ಯಾಲಿ ಹೊರಡುವುದರೊಳಗೆ ಹತ್ತು ಸಾಲಾದರೂ ಆಗಬೇಕು.